ಕೊಡೆ ಪಿಕ್ಚರಿನ ಲಕ್ಷ್ಮೀಶ

ಲಕ್ಷ್ಮೀಶ ಯಾವುದನ್ನೂ ಪೂರ್ತಿಯಾಗಿ ಒಪ್ಪಿದವನಲ್ಲ. ಒಪ್ಪುವುದಕ್ಕೆ ಅವನದೇ ಆದ ಒಂದು ವಿಧಿಯಿತ್ತು. ಮೊದಲು ಕಣ್ಣನ್ನು ಅರೆಮುಚ್ಚಿ, ಹೆಬ್ಬೆರಳಿನಿಂದ ಕೋಟಿನ ಕಾಲರನ್ನು ಮೇಲಕ್ಕೆ ಸರಿಸಿ, "ಒಪ್ಪೋಣ" ಎನ್ನುವನು. ಕೇಳುವವನ ಮುಖ ಅರಳಿ ಇನ್ನೇನು ನಗಬೇಕು ಎನ್ನುವಷ್ಟರಲ್ಲಿ "ಆದ್ರೆ" ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವನು. ಆ ಒಪ್ಪೋಣಕ್ಕೂ ಆ ಆದ್ರೆಗೂ ನಡುವೆ ಅರಸೀಕೆರೆಯಲ್ಲಿ ಎಷ್ಟು ಜನರ ಸಂತೋಷ ಬಾಡಿಹೋಗಿದೆಯೋ ಆ ದೇವರೇ ಬಲ್ಲ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು, "ಹೋಳಿಗೆ ಒಪ್ಪೋಣ ಮೇಷ್ಟ್ರೇ, ಆದ್ರೆ ಸಾರಿನಲ್ಲಿ ಅಡುಗೆಯವನ ಮನಸ್ಸಿಲ್ಲ" ಎಂದು ಅವನು ಗಟ್ಟಿಯಾಗಿ ಹೇಳಿದ್ದನ್ನು ನನ್ನ ಮಾವನವರು ಕೊನೆಯ ತನಕ ಮರೆಯಲಿಲ್ಲ.

ಅವನು ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಆ ಹುದ್ದೆಗೆ ಕೋಟಿನ ಅಗತ್ಯವಿರಲಿಲ್ಲ. ಆದರೂ ಟಿಕೆಟ್ ಕಲೆಕ್ಟರಾಗಿದ್ದ ತಂದೆಯ ಕಪ್ಪು ಕೋಟನ್ನು, ಹಿತ್ತಾಳೆಯ ಗುಂಡಿಗಳನ್ನು ಬಿಚ್ಚಿಸಿ, ಸೊಂಟದ ಬಳಿ ಹಿಡಿಸಿಕೊಂಡು, ಕೊಬ್ಬರಿ ಒಣಗುವಂಥ ಬಿಸಿಲಿನಲ್ಲಿಯೂ ಧರಿಸಿ ಓಡಾಡುತ್ತಿದ್ದ. ಓಡಾಡುತ್ತಿದ್ದ ಎಂದೆನಲ್ಲ, ಅದು ಸರಿಯಲ್ಲ. ಅವನ ನಡಿಗೆಯಲ್ಲಿ ಓಟವೆಂಬುದು ಎಂದೂ ಇರಲಿಲ್ಲ. ಎಡಭುಜವನ್ನು ಸ್ವಲ್ಪ ಮುಂದೆ ಮಾಡಿ, ಗೋಡೆಯ ಅಂಚಿಗೇ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಗಾಂಭೀರ್ಯದಿಂದ ನಡೆಯುವ ಆ ಮನುಷ್ಯನನ್ನು ಹಿಂಬಾಲಿಸುತ್ತಿದ್ದದ್ದು ಸಂತೆಬೀದಿಯ ಒಂದೆರಡು ನಾಯಿಗಳು ಮಾತ್ರ.

ಆ ಕಾಲರು ನಿಂತದ್ದು, ಆ ಭುಜ ಮುಂದಾದದ್ದು ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ಒಂದು ಸಿನಿಮಾದಿಂದ. ಅದಕ್ಕೂ ಮೊದಲೇ ಅವನು ಊರಿನ ಚಿತ್ರವಿಮರ್ಶಕನೆಂದು ಹೆಸರಾಗಿದ್ದ. ಒಂದು ಸಾಲನ್ನೂ ಬರೆದವನಲ್ಲ. ಅವನ ಪತ್ರಿಕೆಯೆಂದರೆ ಕಮಲಾಕ್ಷಮ್ಮನವರ ಟಾಕೀಸಿನ ಎದುರಿಗಿದ್ದ ಟೀ ಅಂಗಡಿ. ಆಟ ಬಿಟ್ಟ ಮೇಲೆ ಹಳೇಬೀಡು, ಬೇಲೂರು ಕಡೆಯವರು ಕೊನೆಯ ಬಸ್ಸಿಗೆ ಓಡಿದರೆ, ಊರವರು ಲಕ್ಷ್ಮೀಶನ ಸುತ್ತ ನಿಲ್ಲುತ್ತಿದ್ದರು. ಗುಣ ಮೊದಲು, ದೋಷ ಆಮೇಲೆ. ಇದು ಅವನ ಕಟ್ಟುನಿಟ್ಟು. ದೋಷ ಹಿಡಿಯುವುದರಲ್ಲಂತೂ ಅವನಿಗೆ ಸಮಾನರಿರಲಿಲ್ಲ. ಒಂದು ಭಕ್ತಿಚಿತ್ರದಲ್ಲಿ ಸಂತರು ಹೊಳೆಗೆ ಇಳಿಯುವಾಗ ನುಣುಪುಗೆನ್ನೆಯವರಾಗಿದ್ದು, ದಡ ಹತ್ತುವಾಗ ಎದೆಯುದ್ದ ಗಡ್ಡ ಬಿಟ್ಟಿದ್ದರು. ಜನ ಅದನ್ನು ಪವಾಡವೆಂದು ಕೈಮುಗಿದರು. ಲಕ್ಷ್ಮೀಶ ಮಾತ್ರ "ಕಥೆಯಲ್ಲಿ ತೂತು" ಎಂದ. ಇನ್ನೊಂದು ಸಂಸಾರದ ಚಿತ್ರದಲ್ಲಿ ಹಿರಿಯಣ್ಣ ಉಣ್ಣುತ್ತ ಕುಳಿತಿದ್ದವನು ಮುಂದಿನ ದೃಶ್ಯದಲ್ಲಿ ಜೈಲಿನಿಂದ ಬಿಡುಗಡೆಯಾಗಿ ಬರುತ್ತಿದ್ದ. "ಊಟ ಮಾಡಿದ್ದೇ ಅಪರಾಧವೇನ್ರೀ?" ಎಂದು ಲಕ್ಷ್ಮೀಶ ಕೇಳಿದ ಪ್ರಶ್ನೆಗೆ ಟೀ ಅಂಗಡಿಯೇ ನಕ್ಕಿತ್ತು. ನಮ್ಮೂರಿಗೆ ಬರುವ ಸಿನಿಮಾಗಳಲ್ಲೆಲ್ಲ ಹೀಗೆ ಒಂದಲ್ಲ ಒಂದು ತೂತು ಇದ್ದೇ ಇರುತ್ತಿತ್ತು, ಅವನು ಅದನ್ನು ಹಿಡಿದೇ ಹಿಡಿಯುತ್ತಿದ್ದ.

ಆ ಬೇಸಿಗೆಯ ಸಿನಿಮಾದ ನಿಜನಾಮ ಈಗ ಯಾರಿಗೂ ನೆನಪಿಲ್ಲ. ಎಲ್ಲರೂ ಕೊಡೆ ಪಿಕ್ಚರ್ ಎನ್ನುತ್ತಿದ್ದರು. ಪತ್ರಿಕೆಯೊಂದರ ಛಾಯಾಚಿತ್ರಗಾರ ಮಂತ್ರಿಯೊಬ್ಬನ ಸಭೆಯ ಚಿತ್ರ ತೆಗೆಯುತ್ತಾನೆ. ಸುಡುಬಿಸಿಲಿನಲ್ಲಿ ಮಂತ್ರಿಯ ಹಿಂದೆ ಒಬ್ಬ ಮಡಿಸಿದ ಕಪ್ಪು ಕೊಡೆ ಹಿಡಿದು ನಿಂತಿದ್ದಾನೆ. ಮರುದಿನ ಮಂತ್ರಿ ಸಾಯುತ್ತಾನೆ. ಅಲ್ಲಿಂದ ಮುಂದೆ ನಾಯಕ ನೋಡಿದಲ್ಲೆಲ್ಲ ಕೊಡೆಗಳು. ನ್ಯಾಯಾಲಯದಲ್ಲಿ ಕೊಡೆ, ಆಸ್ಪತ್ರೆಯಲ್ಲಿ ಕೊಡೆ, ಅವನ ಸ್ವಂತ ಸಂಪಾದಕನ ಕುರ್ಚಿಯ ಹಿಂದೆಯೂ ಕೊಡೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಮಾತ್ರ, ಸಂಚುಗಾರರ ಮಾತು ಕದ್ದು ಕೇಳಿ ಅವನಿಗೆ ನೆರವಾಗುತ್ತಾಳೆ.

ಇದರ ಗುಣಗಳನ್ನು ಹೇಳುವಾಗ ಲಕ್ಷ್ಮೀಶನ ಕಣ್ಣು ತೇವವಾಗುತ್ತಿತ್ತು ಎಂದರೆ ನೀವು ನಂಬಬೇಕು. ಕಿಟಕಿಯ ಪಟ್ಟಿಗಳಿಂದ ಬೆಳಕು ಸೀಳಿ ಬಂದು ನಾಯಕನ ಅರ್ಧ ಮುಖದ ಮೇಲೆ ಮಾತ್ರ ಬೀಳುವುದು. ಖಾಲಿ ಕಚೇರಿಯಲ್ಲಿ ಯಾರೂ ಎತ್ತದ ಟೆಲಿಫೋನು ಹೊಡೆದುಕೊಳ್ಳುತ್ತಲೇ ಇರುವುದು. ಕೇಡಿಗಳು ಅಟ್ಟಹಾಸ ಮಾಡದೆ, ಮಲಗಿದ ಮಗುವಿದ್ದ ಮನೆಯವರ ಹಾಗೆ ಮೆಲ್ಲಗೆ ಮಾತಾಡುವುದು. ಸಂಚಿನ ಮುಖ್ಯಸ್ಥನ ಮುಖವನ್ನು ಕೊನೆಯ ತನಕ ತೋರಿಸದೆ, ಕಾಫಿ ಲೋಟ ಕೆಳಗಿಡುವ ಅವನ ಕೈಯನ್ನಷ್ಟೇ ತೋರಿಸುವುದು. "ಆ ಕೈಗೆ ಹೆದರಿದಷ್ಟು ನಾನು ನಮ್ಮಪ್ಪನ ಕೈಗೂ ಹೆದರಿಲ್ಲ ಮೇಷ್ಟ್ರೇ" ಎನ್ನುತ್ತಿದ್ದ. ದೋಷಗಳೂ ಇದ್ದವು. ಠೀವಿ ಹೆಚ್ಚಾಯಿತು, ಪ್ರಾಣಭಯದಿಂದ ಓಡುವವನ ಕ್ರಾಪು ಕೆದರಬಾರದೇ? ಇಡೀ ಸರ್ಕಾರವನ್ನೇ ಕೈಯಲ್ಲಿಟ್ಟುಕೊಂಡವರು ಒಂದು ಫೋಟೋಗೆ ಯಾಕೆ ಹೆದರಬೇಕು? "ಸಂಚು ದೊಡ್ಡದಾದಷ್ಟೂ ಮನುಷ್ಯರು ಸಣ್ಣವರಾಗ್ಬಿಟ್ರು" ಎಂದು ಅವನು ಅಂದದ್ದನ್ನು, ಯಾರಾದರೂ ದೊಡ್ಡ ವಿಮರ್ಶಕ ಹೇಳಿದ್ದರೆ ನಾನು ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದೆ. ಇವೆಲ್ಲಕ್ಕಿಂತ ದೊಡ್ಡ ದೋಷವೊಂದಿತ್ತು. ಆ ಟೆಲಿಫೋನ್ ಹುಡುಗಿ ಇಂಟರ್‌ವಲ್ ಆದ ಮೇಲೆ ಸ್ವಲ್ಪ ಹೊತ್ತಿಗೆ, ಹೇಳದೆ ಕೇಳದೆ ಚಿತ್ರದಿಂದಲೇ ಮಾಯವಾಗುತ್ತಾಳೆ. ಸತ್ತಳೋ, ಓಡಿಹೋದಳೋ, ಅವಳೂ ಕೊಡೆಯವಳೇ ಆಗಿದ್ದಳೋ, ಒಂದೂ ಇಲ್ಲ. ನಾಯಕ ಕೊನೆಯಲ್ಲಿ ಒಬ್ಬನೇ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಕಾಲರೆತ್ತಿ ನಿಂತಿರುತ್ತಾನೆ. "ಅವಳನ್ನ ಹಾಗೆ ಬಿಟ್ಟಿದ್ದು ಅನ್ಯಾಯ" ಎಂದು ಲಕ್ಷ್ಮೀಶ ನಿಜವಾಗಿ ನೊಂದುಕೊಂಡ.

ಅದೇ ವಾರ ಬಾಣಾವರದಲ್ಲಿ ಅವನಿಗೆ ಹೆಣ್ಣು ನೋಡುವ ಶಾಸ್ತ್ರ. ಅವನ ತಾಯಿ ಶಾಂತಾದೇವಿಯವರು, "ನೀವೂ ಬನ್ನಿ ಮೇಷ್ಟ್ರೇ, ಇವನ ಬಾಯಿಗೆ ಯಾರಾದ್ರೂ ಕಾವಲು ಬೇಕು" ಎಂದು ನನ್ನನ್ನು ಹೊರಡಿಸಿದರು. ಕಾವಲುಗಾರ ಕೇಸರೀಬಾತಿನಲ್ಲಿ ಮಗ್ನನಾಗಿದ್ದಾಗಲೇ ಅನಾಹುತವಾಯಿತು.

ಹುಡುಗಿಯ ಹೆಸರು ನಂದಿತಾ, ಬಿ.ಎಡ್. ಮುಗಿಸಿದ್ದಳು. ತಲೆ ತಗ್ಗಿಸಿ ಕುಳಿತಿದ್ದರೂ, ಆ ತಗ್ಗಿಸಿದ ತಲೆಯಲ್ಲಿ ಅಂಜಿಕೆಯೇನೂ ಇರಲಿಲ್ಲ. ಅವಳ ಅಜ್ಜಿ ರುಕ್ಮಿಣಮ್ಮನವರು "ಮಾತಾಡೋದಿದ್ರೆ ಮಾತಾಡ್ಲಿ ಬಿಡಿ, ಈಗಿನ ಕಾಲ" ಎಂದರು.

"ಸಿನಿಮಾ ನೋಡ್ತೀರಾ?" ಎಂದ ಲಕ್ಷ್ಮೀಶ.

"ನೋಡ್ತೀನಿ. ಹೋದ ವಾರ ಇಲ್ಲೇ ಕೊಡೆ ಪಿಕ್ಚರ್ ನೋಡ್ದೆ."

ಬಾಣಾವರದ ಟಾಕೀಸು ಕಮಲಾಕ್ಷಮ್ಮನವರ ಭಾವನವರದು. ಅಲ್ಲಿ ಓಡಿದ ಪ್ರತಿಯೇ ಮರುವಾರ ನಮ್ಮೂರಿಗೆ ಬರುತ್ತಿತ್ತು. ಲಕ್ಷ್ಮೀಶನ ಮುಖ ದೀಪ ಹಚ್ಚಿದಂತಾಯಿತು. ಬೆಳಕಿನ ಪಟ್ಟಿ, ಟೆಲಿಫೋನು, ಲೋಟ ಹಿಡಿದ ಕೈ, ಎಲ್ಲವನ್ನೂ ಅವನು ಹೇಳಿದ. ಅವಳು ತಲೆಯೆತ್ತಿ ಕೇಳಿದಳು; "ಆ ಕೈ ಕಂಡ್ರೆ ನಂಗೂ ಹೆದ್ರಿಕೆ ಆಯ್ತು" ಎಂದಳು. ಆ ಕ್ಷಣದಲ್ಲಿ ಆ ಇಬ್ಬರ ಮದುವೆ ಆಗಿಹೋಗಿತ್ತು ಎಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ.

"ಇಷ್ಟೆಲ್ಲ ಒಪ್ಪೋಣ" ಎಂದ ಲಕ್ಷ್ಮೀಶ. "ಆದ್ರೆ ಆ ಹುಡುಗಿ ಹೇಳದೆ ಕೇಳದೆ ಮಾಯ ಆಗ್ತಾಳಲ್ಲ, ಅದು ದೊಡ್ಡ ದೋಷ."

"ಹೇಳೇ ಹೋಗ್ತಾಳಲ್ಲ! ರೈಲ್ವೆ ಸೇತುವೆ ಮೇಲೆ ನಿಂತ್ಕೊಂಡು ಅಷ್ಟೊತ್ತು ಹೇಳ್ತಾಳೆ."

"ಅಂಥ ಸೀನೇ ಇಲ್ಲ."

"ನಾನು ನೋಡಿದೀನಿ ಕಣ್ರೀ."

"ನಾನು ಎರಡು ಸಲ ನೋಡಿದೀನಿ. ನಿಮಗೆ ಬೇರೆ ಯಾವ್ದೋ ಪಿಕ್ಚರ್ ತಲೇಲಿ ಸೇರ್ಕೊಂಡಿದೆ. ಹೆಂಗಸರಿಗೆ ಹಾಗಾಗೋದುಂಟು."

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ, ಹೊತ್ತು ಮೀರಿತ್ತು. ನಂದಿತಾ ಕಾಫಿಯ ಲೋಟಗಳನ್ನು ನಿಧಾನವಾಗಿ ತಟ್ಟೆಗೆ ಜೋಡಿಸಿಕೊಂಡು ಎದ್ದು ನಿಂತಳು. "ಅಜ್ಜಿ, ಇವರು ಚೆನ್ನಾಗಿ ಮಾತಾಡ್ತಾರೆ, ಒಪ್ಪೋಣ. ಆದ್ರೆ ನಾಳೆ ನಾನು ಸಾರಿಗೆ ಉಪ್ಪು ಹಾಕಿದೀನಿ ಅಂದ್ರೆ, ಅಂಥ ಉಪ್ಪೇ ಇಲ್ಲ ಅಂತಾರೆ. ನಂಗೆ ಬೇಡ" ಎಂದು ಹೇಳಿ ಒಳಗೆ ಹೋದಳು.

ಹಿಂದಿರುಗುವ ರೈಲಿನಲ್ಲಿ ತಾಯಿ ಮುಖ ತಿರುಗಿಸಿಕೊಂಡು ಕುಳಿತಿದ್ದರೆ, ಇವನು ಕಿಟಕಿಯ ಹೊರಗೆ ತೆಂಗಿನ ತೋಟಗಳನ್ನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. "ಎಂಥ ಹುಡುಗಿ ಮೇಷ್ಟ್ರೇ! ನನ್ನ ಆದ್ರೇನ ತಗೊಂಡು ನನಗೇ ಹೊಡೆದ್ಲು." ನನಗೆ ಮೈ ಉರಿಯಿತು. "ಹೋಗಿ ತಪ್ಪಾಯ್ತು ಅನ್ನೋ ಮಾರಾಯ, ನಿನ್ನ ಗಂಟೇನು ಹೋಗುತ್ತೆ?" ಎಂದೆ. ಅವನು, "ಇರೋ ಸೀನ್ ಇಲ್ಲ ಅಂದಿದ್ರೆ ಕಾಲಿಗೆ ಬೀಳ್ತಿದ್ದೆ. ಇಲ್ಲದ ಸೀನ್ ಇದೆ ಅಂತ ಹೇಗೆ ಒಪ್ಕೊಳ್ಳಲಿ? ಅವಳ ಹತ್ರವೇ ಸುಳ್ಳು ಹೇಳಲಾ?" ಎಂದ. ಅವನು ಹಾಗೆಯೇ. ಬೇರೆ ಯಾರಿಗಾದರೂ ಹೇಳಬಹುದಾದ ಒಂದು ಸುಳ್ಳನ್ನು, ಮನಸ್ಸಿಗೆ ಹಿಡಿಸಿದವಳಿಗೆ ಹೇಳಲಾರದೆ ಹೋದ.

ಆ ಮೇಲೆ ಎರಡು ಮೂರು ಕಡೆ ಹೆಣ್ಣು ತೋರಿಸಿದರು. ಹೋಗುತ್ತಿದ್ದ, ಗುಣ ಹೇಳುತ್ತಿದ್ದ, ಆದ್ರೆ ಎನ್ನುತ್ತಿದ್ದ, ಬರುತ್ತಿದ್ದ. ನಂದಿತಾಳಿಗೆ ಹಳೇಬೀಡಿನ ಕಡೆ ಮದುವೆಯಾಯಿತೆಂದು ಕೇಳಿದ ದಿನ ಆಫೀಸಿಗೆ ರಜೆ ಹಾಕಿದನೇ ಹೊರತು ಒಂದು ಮಾತು ಆಡಲಿಲ್ಲ. ಕಾಲರೆತ್ತುವ ಅಭ್ಯಾಸ ಮಾತ್ರ ಗಟ್ಟಿಯಾಯಿತು. ಬಾಣಾವರದ ಕಡೆಯಿಂದ ಪ್ಯಾಸೆಂಜರ್ ಗಾಡಿ ಬರುವ ಹೊತ್ತಿಗೆ, ಗೂಡ್ಸ್ ಆಫೀಸಿನಿಂದ ಏನೋ ಕೆಲಸವಿರುವವನ ಹಾಗೆ ಪ್ಲಾಟ್‌ಫಾರಮ್ಮಿಗೆ ಬಂದು, ಹೆಂಗಸರ ಡಬ್ಬಿಯ ಕಡೆ ನೋಡದ ಹಾಗೆ ನೋಡಿ ಹೋಗುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೇನೆ. ಹಾಸ್ಯ ಮಾಡಬೇಕೆಂದು ಹೋದವನು ಅವನ ಮುಖ ನೋಡಿ ಹಾಗೆಯೇ ಹಿಂತಿರುಗಿದ್ದೇನೆ. ಟೀ ಅಂಗಡಿಯಲ್ಲಿ ಯಾವ ಹೊಸ ಸಿನಿಮಾದ ಮಾತು ಬಂದರೂ ಅದು ಹೇಗೋ ತಿರುಗಿ ಆ ಹುಡುಗಿ ಮಾಯವಾದ ಕಡೆಗೇ ಬರುತ್ತಿತ್ತು. "ಹೋಗೋಳು ಒಂದು ಮಾತು ಹೇಳಿ ಹೋಗ್ಬೇಕಿತ್ತು" ಎನ್ನುವನು. ಸಿನಿಮಾದ ದೋಷ ಹೇಳುತ್ತಿದ್ದಾನೆಂದೇ ಎಲ್ಲರೂ ತಿಳಿಯುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಕಮಲಾಕ್ಷಮ್ಮನವರು ಟಾಕೀಸು ಮುಚ್ಚಿದರು. ಅಲ್ಲಿ ಕಲ್ಯಾಣ ಮಂಟಪ ಬರುವುದಿತ್ತು. ಮುಚ್ಚುವ ಮೊದಲು ಹಳೆಯ ಪ್ರೇಕ್ಷಕರನ್ನೆಲ್ಲ ಕರೆದು ಕಾಫಿ ಕೊಟ್ಟರು. ಟಿಕೆಟ್ ಕೊಡುವ ಗೂಡಿನಲ್ಲಿ ಕುಳಿತೇ ಮುದುಕಿಯಾದ ಹೆಂಗಸು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಲಕ್ಷ್ಮೀಶ ಎದ್ದು ನಿಂತು ಟಾಕೀಸಿನ ಗುಣದೋಷಗಳನ್ನು ಹೇಳಿದ. ಪರದೆ ಒಪ್ಪೋಣ, ತಿಗಣೆ ಆದ್ರೆ. ಆ ಮೇಲೆ, ಈ ಪರದೆಯ ಮೇಲೆ ತಾನು ಕಂಡ ಕಥೆಯ ತೂತುಗಳನ್ನೆಲ್ಲ ಒಂದೊಂದಾಗಿ ನೆನೆದ. ಸಂತರ ಗಡ್ಡ, ಹಿರಿಯಣ್ಣನ ಜೈಲು.

ಕಮಲಾಕ್ಷಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗತೊಡಗಿದರು. "ಅಯ್ಯೋ ಲಕ್ಷ್ಮೀಶಪ್ಪ, ಅವೆಲ್ಲ ಪಿಕ್ಚರ್ ದೋಷ ಅಲ್ಲ ಕಣಪ್ಪ, ಬೇಲೂರು ಬಸ್ಸಿನ ದೋಷ!"

"ಅಂದ್ರೆ?"

"ಹಳೇಬೀಡು, ಬೇಲೂರು ಕಡೆಯೋರು ಕೊನೇ ಬಸ್ ತಪ್ಪಿಸ್ಕೊಂಡ್ರೆ ಇಲ್ಲೇ ಬೆಂಚಿನ ಮ್ಯಾಲೆ ಮಲಗೋರು. ಬೆಳಿಗ್ಗೆ ಅವರ ಹೆಂಡ್ತೀರು ಬಂದು ನನ್ ಜುಟ್ಟು ಹಿಡಿಯೋರು. ಅದ್ಕೇ ಉದ್ದದ ಪಿಕ್ಚರ್ ಬಂದ್ರೆ ಒಂದು ರೀಲು ಬಿಟ್ಬಿಡೋದು. ಫೈಟಿಂಗ್ ಬಿಟ್ರೆ ಕುರ್ಚಿ ಮುರೀತಾರೆ, ಹಾಡು ಬಿಟ್ರೆ ಬಾಗ್ಲು ಮುರೀತಾರೆ. ಬರೀ ಮಾತಿರೋ ರೀಲು ಬಿಟ್ರೆ ಯಾರೂ ಕೇಳಾಕಿಲ್ಲ. ಮತ್ತೆ ಮಧ್ಯಾಹ್ನದ ಆಟಕ್ಕೆ ಅದನ್ನ ಯಾವನು ಸೇರಿಸ್ತಾ ಕೂರ್ತಾನೆ? ಬಿಟ್ಟಿದ್ದು ಬಿಟ್ಟಂಗೇ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತು ವರ್ಷ ಅರಸೀಕೆರೆ ಹೊಗಳಿದ ಅವನ ವಿಮರ್ಶೆಯೆಲ್ಲ ಒಂದು ಕಾಫಿ ಆರುವಷ್ಟರಲ್ಲಿ ಹಾರಿಹೋಗಿತ್ತು. ಲಕ್ಷ್ಮೀಶನಿಗೆ ಆ ನಗು ಕೇಳಿಸಿದಂತೆಯೇ ಇರಲಿಲ್ಲ. ಅವನು ಲೋಟವನ್ನು ಕೆಳಗಿಟ್ಟ.

"ಕೊಡೆ ಪಿಕ್ಚರ್‌ನಲ್ಲೂ?"

"ಅದ್ರಾಗೂ ಬಿಟ್ಟಿದ್ವಲ್ಲ. ಆ ಫೋನಿನ ಹುಡುಗಿ ಸೇತುವೆ ಮ್ಯಾಲೆ ನಿಂತು ಮಾತಾಡಿದ್ದೇ ಮಾತಾಡಿದ್ದು. ಬಾಣಾವರದಾಗೆ ಆ ತಾಪತ್ರಯ ಇರ್ಲಿಲ್ಲ, ಊರೋರೇ ನೋಡೋರು. ಅಲ್ಲಿ ಪೂರಾ ಹಾಕೋರು."

ಅವನು ಕಾಲರನ್ನು ಕೆಳಗೆ ಮಡಿಸಿದ. ಅಷ್ಟು ವರ್ಷಗಳಲ್ಲಿ ಅದು ಕೆಳಗಿಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. "ಮನೆಗೆ ಹೋಗೋಣ ಮೇಷ್ಟ್ರೇ" ಎಂದ. ದಾರಿಯುದ್ದಕ್ಕೂ ಗೋಡೆಯ ಅಂಚು ಬಿಟ್ಟು ರಸ್ತೆಯ ನಡುವೆಯೇ ನಡೆದ. ಲಾರಿಯವನೊಬ್ಬ ಬೈದದ್ದೂ ಅವನಿಗೆ ಗೊತ್ತಾಗಲಿಲ್ಲ.

ಆ ಮೇಲೆ ಅವನಿಗೆ ಒಂದೇ ಹಂಬಲ. ಆ ಸೇತುವೆಯ ಮೇಲೆ ಅವಳು ಏನು ಹೇಳಿದಳು? ಹಾಸನದ ಸೀಡಿ ಅಂಗಡಿಗಳನ್ನೆಲ್ಲ ಜಾಲಾಡಿದ. ಕೊಡೆ ಪಿಕ್ಚರ್ ಎಂಬ ಮಾತನ್ನೇ ಕೇಳಿರದ ಹುಡುಗರು ಅವನ ಕೋಟು ನೋಡಿ ನಕ್ಕರು. ಬಾಣಾವರದ ಟಾಕೀಸು ಅದಕ್ಕೂ ಮೊದಲೇ ನೆಲಸಮವಾಗಿತ್ತು. ಆ ಚಿತ್ರ ಎಲ್ಲಿಯೂ ಇರಲಿಲ್ಲ. "ಆ ರೀಲು ಈಗ ಉಳಿದಿರೋದು ಒಂದೇ ಕಡೆ ಮೇಷ್ಟ್ರೇ" ಎಂದು ಒಂದು ದಿನ ಅಂದಾಗ ನನಗೆ ಅರ್ಥವಾಯಿತು. ಪರೀಕ್ಷೆಯ ಕೆಲಸಕ್ಕೆ ಹಾಸನಕ್ಕೆ ಹೋದಾಗ ನಾನು ನಂದಿತಾಳನ್ನು ಒಮ್ಮೆ ಕಂಡಿದ್ದೆ. ಹಗರೆಯ ಹೈಸ್ಕೂಲಿನಲ್ಲಿ ಅಧ್ಯಾಪಕಿ, ಹಳೇಬೀಡಿನಿಂದ ದಿನವೂ ಬಸ್ಸಿನಲ್ಲಿ ಓಡಾಟ. ಮನೆಗೇ ಹೋಗೋಣವೆಂದರೆ ಅವನು ಒಪ್ಪಲಿಲ್ಲ. "ಏನಂತ ಹೋಗೋದು? ಸಿನಿಮಾ ಕಥೆ ಕೇಳೋಕೆ ಬಂದೆ ಅಂತಲಾ?" ಹೀಗೆ ನಾವಿಬ್ಬರೂ ಒಂದು ಸಂಜೆ ಹಗರೆಯ ಬಸ್ ನಿಲ್ದಾಣದಲ್ಲಿ, ಹಾಲಿನ ಕ್ಯಾನುಗಳ ಪಕ್ಕ, ಸ್ಕೂಲು ಬಿಡುವುದನ್ನು ಕಾಯುತ್ತ ನಿಂತೆವು. ನಲವತ್ತು ದಾಟಿದ ಗಂಡಸರು ನಿಲ್ಲುವಂಥ ಭಂಗಿಯಲ್ಲ ಅದು.

ಅವಳು ಬಂದವಳು ಮೊದಲು ಗುರುತಿಸಿದ್ದು ಕೋಟನ್ನು. "ಅದೇ ಕೋಟು ಅಲ್ವಾ?" ಎಂದು ನಕ್ಕಳು. ಕೂದಲು ಅಲ್ಲಲ್ಲಿ ನೆರೆದಿತ್ತು. ಕೈಯಲ್ಲಿ ಮಗಳಿಗೆಂದು ತೆಗೆದುಕೊಂಡ ಡ್ರಾಯಿಂಗ್ ಹಾಳೆಯ ಸುರುಳಿ. ಲಕ್ಷ್ಮೀಶ ಗುಣವನ್ನೂ ಹೇಳಲಿಲ್ಲ, ದೋಷವನ್ನೂ ಹೇಳಲಿಲ್ಲ. ಬಿಟ್ಟ ರೀಲಿನ ಕಥೆಯನ್ನು ತಡವರಿಸುತ್ತ ಹೇಳಿ, "ಆ ಸೇತುವೆ ಸೀನು, ಒಂದ್ಸಲ ಹೇಳ್ತೀರಾ?" ಎಂದು ಕೇಳಿದ.

"ಅದಕ್ಕೆ ಅರಸೀಕೆರೆಯಿಂದ ಬಂದ್ರಾ?"

"ಹೌದು."

ಹಳೇಬೀಡಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಅವಳನ್ನು ಬಲ್ಲವನು; "ಬನ್ನಿ ಮೇಡಂ, ಸೀಟೈತೆ" ಎಂದ. ಅವಳು ಬಸ್ಸನ್ನು ನೋಡಿದಳು, ಕೋಟನ್ನು ನೋಡಿದಳು. "ನೀವು ಹೋಗಿ, ನಾನು ಇನ್ನೊಂದಕ್ಕೆ ಬರ್ತೀನಿ" ಎಂದಳು. ಬಸ್ಸಿಗಾಗಿ ಬಿಟ್ಟಿದ್ದ ರೀಲಿಗಾಗಿ ಒಂದು ಬಸ್ಸು ಹೋಯಿತು.

ಅವಳು ಕಲ್ಲುಬೆಂಚಿನ ಮೇಲೆ ಕುಳಿತು ಹೇಳಿದಳು. ಅವಳಿಗೆ ಎಲ್ಲವೂ ನೆನಪಿತ್ತು. "ಮಳೆ ನಿಂತಿರುತ್ತೆ. ಸೇತುವೆ ಮೇಲೆ ಇವರಿಬ್ಬರೇ. ಅವಳು ಹೇಳ್ತಾಳೆ, ಕೊಡೆ ಹಿಡಿದೋರಲ್ಲಿ ಒಬ್ಬ ನನ್ನ ಅಣ್ಣ. ಅವನನ್ನ ಹಿಡಿದುಕೊಡೋಕೂ ಆಗಲ್ಲ, ನಿನ್ನನ್ನ ಹಿಡಿದುಕೊಡೋಕೂ ಆಗಲ್ಲ. ಅದಕ್ಕೆ ಹೋಗ್ತಾ ಇದೀನಿ. ಇಷ್ಟು ದಿನ ಬೇರೆಯೋರ ಮಾತು ಕೇಳಿ ಕೇಳಿ ಕಿವಿ ಸೋತಿದೆ, ನೀನು ಒಂದು ಮಾತು ಹೇಳು, ಇರು ಅಂದ್ರೆ ಇರ್ತೀನಿ. ಹಾಗಂತ ನಿಂತ್ಕೋತಾಳೆ. ಕೆಳಗೆ ರೈಲು ಬರುತ್ತೆ. ಪೂರ್ತಿ ರೈಲು ಹೋಗೋವರೆಗೂ ನಿಂತಿರ್ತಾಳೆ."

"ಅವನು?"

"ಕಾಲರೆತ್ತಿ ನಿಂತಿರ್ತಾನೆ. ತುಂಬ ಚೆನ್ನಾಗಿ ಕಾಣ್ತಾನೆ." ಅವಳು ಡ್ರಾಯಿಂಗ್ ಹಾಳೆಯ ಸುರುಳಿಯನ್ನು ಬಿಗಿ ಮಾಡಿಕೊಂಡಳು. "ಒಂದು ಮಾತು ಆಡಲ್ಲ. ಆ ಪಿಕ್ಚರ್‌ನಲ್ಲಿ ದೋಷ ಅಂತ ಇದ್ರೆ ಅದೊಂದೇ ಕಣ್ರೀ. ಅವಳು ಹೇಳದೆ ಹೋಗಿದ್ದಲ್ಲ."

ಲಕ್ಷ್ಮೀಶ ಕಣ್ಣು ಅರೆಮುಚ್ಚಿದ. "ಒಪ್ಪೋಣ" ಎಂದ.

ನಾನು ಕಾದೆ. ಇಷ್ಟು ವರ್ಷಗಳ ಅಭ್ಯಾಸ. ಆ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು, ಆ ಆದ್ರೆಯನ್ನು ಕಾದೆ. ಅವಳೂ ಕಾದಳೆಂದು ಕಾಣುತ್ತದೆ. ಅದು ಬರಲಿಲ್ಲ. ಇನ್ನೊಂದು ಬಸ್ಸು ಬಂತು. ಅವನು ಅವಳ ಚೀಲವನ್ನು ಎತ್ತಿಕೊಟ್ಟ, ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಬಳಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ನೀವು ಅವತ್ತು ಹೇಳಿದ್ದು ಸರಿ. ಸೀನ್ ಇತ್ತು. ನಂದೇ ತಪ್ಪು" ಎಂದ.

"ಸೀನ್ ಇತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು" ಎಂದಳು ನಂದಿತಾ. ನಗುತ್ತಲೇ ಹೇಳಿದಳು, ಆದರೆ ಬಸ್ಸು ತಿರುಗುವ ತನಕ ಅವಳು ಮುಖವನ್ನು ಒಳಕ್ಕೆ ಎಳೆದುಕೊಳ್ಳಲಿಲ್ಲ.

ಈಗ ಲಕ್ಷ್ಮೀಶ ಸಿನಿಮಾಗಳ ತೀರ್ಪು ಹೇಳುವುದಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ಗುಣಗಳನ್ನು ಹೇಳಿ, "ಉಳಿದದ್ದು ನಾವು ನೋಡಿಲ್ದೆ ಇರ್ಬಹುದು" ಎಂದು ಎದ್ದುಹೋಗುತ್ತಾನೆ. ನನಗೋ ಅವನ ಆ ಹಳೆಯ ಆದ್ರೆಯನ್ನು ಕೇಳಬೇಕೆಂದು ಎಷ್ಟೋ ಸಲ ಜೀವ ಬಡಿದುಕೊಳ್ಳುತ್ತದೆ. ದೋಷ ಹುಡುಕುವವರನ್ನು ಲೋಕ ಒಣ ಮನಸ್ಸಿನವರೆಂದು ಕರೆಯುತ್ತದೆ. ಹಾಗೆ ಕರೆಯುವವರು ಅವರಲ್ಲೊಬ್ಬನ ಪಕ್ಕದಲ್ಲಿಯೂ ಬಾಳಿಲ್ಲ. ಒಂದನ್ನಾದರೂ ಪೂರ್ತಿಯಾಗಿ ಒಪ್ಪಿಬಿಡಬೇಕೆಂಬ ಆಸೆ ಈ ಜನಕ್ಕೆ ಇರುವಷ್ಟು ಇನ್ನಾರಿಗೂ ಇರುವುದಿಲ್ಲ. ನಾವೆಲ್ಲ ಕಂಡಷ್ಟಕ್ಕೇ ಚಪ್ಪಾಳೆ ತಟ್ಟಿ ಬಸ್ಸು ಹಿಡಿಯುತ್ತೇವೆ. ಅವರು ಏನೋ ಕಡಿಮೆಯಾಗಿದೆ ಎಂದು ದೀಪ ಹೊತ್ತಿಸಿದ ಮೇಲೂ ಖಾಲಿ ಪರದೆಯ ಮುಂದೆ ಕುಳಿತಿರುತ್ತಾರೆ. ಕಡಿಮೆಯಾಗಿರುವುದೂ ನಿಜವೇ. ಅದು ಪಕ್ಕದ ಊರಿನಲ್ಲಿ, ಅವರ ಒಂದು ಮಾತಿಗಾಗಿ ಕಾದವರೊಬ್ಬರ ಬಳಿ, ಪೂರ್ತಿಯಾಗಿ ಇರುತ್ತದೆ.